ಹಿಂಗೈಯಿಂದ ತಂತಿ ಮುಟ್ಟುತ್ತಿದ್ದ ಕಾಕಾ

ಚಾರ್ಜಿಗೆ ಹಾಕಿದ ಫೋನನ್ನು ಕೈಗೆ ತೆಗೆದುಕೊಳ್ಳುವ ಮೊದಲು ನಾನು ಅದನ್ನು ಹಿಂಗೈಯಿಂದ ಮುಟ್ಟಿ ನೋಡುತ್ತೇನೆ. ಇದರ ಮೇಲೆ ಬೆರಳಾಡಿಸಿ ಬರೆಯುವುದನ್ನು ಕಲಿಸಿದ ಮೊಮ್ಮಗಳು ಮೊನ್ನೆ ಅದನ್ನು ಕಂಡು, "ಆಯಿ, ಅದಕ್ಕ ಜ್ವರ ಬಂದೈತೇನ?" ಎಂದು ಕೇಳಿದಳು. ಬಂದಿರಬಹುದು, ಮುಟ್ಟದೆ ಹೇಗೆ ಗೊತ್ತಾಗಬೇಕು ಅಂದೆ. ಅವಳು ನಗಲಿ. ಎಪ್ಪತ್ತೈದು ವರ್ಷದಿಂದ ಇಸ್ತ್ರಿ, ಮಿಕ್ಸರು, ಗೀಜರು, ಟೀವಿ ಎಲ್ಲವನ್ನೂ ಹೀಗೆಯೇ ಮುಟ್ಟುತ್ತ ಬಂದಿದ್ದೇನೆ. ಇನ್ನೂ ಇದ್ದೇನೆ.

ಇದನ್ನು ನನಗೆ ಕಲಿಸಿದವರು ಕಾಕಾ. ಅಂಗೈಯಿಂದ ಮುಟ್ಟಿದಾಗ ಕರೆಂಟು ಹೊಡೆದರೆ ಕೈ ಮುಚ್ಚಿಕೊಳ್ಳುತ್ತದೆ, ಯಾವುದು ಕೊಲ್ಲುತ್ತಿದೆಯೋ ಅದನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಹಿಂಗೈಯಿಂದ ಮುಟ್ಟಿದರೆ ಕೈ ತಾನಾಗಿಯೇ ಹಿಂದಕ್ಕೆ ಬರುತ್ತದೆ. "ಮನಷ್ಯಾನ ಕೈ ಹಂಗ ನೋಡು, ಬಿಡೂದು ಗೊತ್ತಿಲ್ಲ ಅದಕ್ಕ" ಅನ್ನುತ್ತಿದ್ದರು.

ಹಳೇ ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಅಪ್ಪನದೊಂದು ಸೈಕಲ್ ಅಂಗಡಿ. ಅಂಗಡಿಯ ಹಿಂದೆ ನಮ್ಮ ಮನೆ. ನಮ್ಮ ಗೋಡೆಗೆ ಗೋಡೆ ಹತ್ತಿ ಕಾಕಾನ ಮನೆ. ಅವರು ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್ನಿನಲ್ಲಿ ಫಿಟ್ಟರು. ಹೆಸರು ಬರೆಯುವುದಿಲ್ಲ. ಓಣಿಯ ಹಿಂದೂಗಳಿಗೂ ಮುಸಲ್ಮಾನರಿಗೂ ಅವರು ಕಾಕಾ, ಅವರ ಹೆಂಡತಿ ಕಾಕು. ನಡುವಿನ ಗೋಡೆಯಲ್ಲಿ ಒಂದು ಇಟ್ಟಂಗಿ ಬಿದ್ದು ಕಿಂಡಿಯಾಗಿತ್ತು. ಅವ್ವ ಮತ್ತು ಕಾಕು ಅದರಲ್ಲಿ ಕೊತ್ತಂಬರಿ, ಕಡ್ಡಿಪೆಟ್ಟಿಗೆ, ಓಣಿಯ ಸುದ್ದಿ ಎಲ್ಲ ದಾಟಿಸುತ್ತಿದ್ದರು. ಆ ಇಟ್ಟಂಗಿಯನ್ನು ಮರಳಿ ಕೂಡಿಸುತ್ತೇನೆಂದು ಅಪ್ಪ ವರ್ಷಕ್ಕೊಮ್ಮೆ ಹೇಳುತ್ತಿದ್ದ. ಹೆಂಗಸರಿಬ್ಬರೂ ಕೂಡಿ ಅವನ ಬಾಯಿ ಮುಚ್ಚಿಸುತ್ತಿದ್ದರು.

ಕಾಕಾನಷ್ಟು ಅಂಜುವ ಗಂಡಸನ್ನು ನಾನು ಮತ್ತೆ ನೋಡಿಲ್ಲ. ಮುಂಜಾನೆ ಬೂಟನ್ನು ಮೂರು ಸಲ ನೆಲಕ್ಕೆ ಬಡಿದು ಚೇಳಿಲ್ಲವೆಂದು ಖಾತ್ರಿ ಮಾಡಿಕೊಂಡೇ ಕಾಲು ಹಾಕುವರು. ಗುಡುಗಿದರೆ ಹೊರಸಿನ ಮೇಲೆ ಕಾಲು ಮಡಚಿ ಕೂಡುವರು. ದಾರಿಗೆ ಅಡ್ಡ ಮಲಗಿದ ನಾಯಿಯ ಮುಂದೆ ನಿಂತು, "ಸ್ವಲ್ಪ ಏಳ್ರೆಪಾ, ಕೆಲಸಕ್ಕ ಹೊತ್ತಾತು" ಎಂದು ವಿನಂತಿ ಮಾಡುವರು. ನಾಯಿ ಏಳದಿದ್ದರೆ ಹಿಂದಿನ ಓಣಿ ಸುತ್ತಿ ಹೋಗುವರು.

ಹನ್ನೊಂದು ವರ್ಷದ ನನಗೆ ಇದಕ್ಕಿಂತ ದೊಡ್ಡ ಸುಖ ಬೇಕಾಗಿರಲಿಲ್ಲ. ಪಂಕ್ಚರ್ ಹಚ್ಚಿ ಉಳಿದ ಟ್ಯೂಬಿನ ತುಂಡಿನಿಂದ ಒಂದು ಹಲ್ಲಿ ಕತ್ತರಿಸಿ ಅವರ ಟೋಪಿಯೊಳಗೆ ಇಟ್ಟೆ. ಅವರು ಟೋಪಿ ಒಗೆದು ಹೊರಸಿನ ಮೇಲೆ ನಿಂತು ಕಾಕುವನ್ನು ಕರೆದರು. ಕಾಕು ಹಲ್ಲಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಗೋಡೆಯ ಕಿಂಡಿಗೆ ಬಂದು ಅವ್ವನಿಗೆ ಹೇಳಿದರು: "ಒಂದ ದಿನಾ ನಿಮ್ಮ ಹುಡಿಗಿ ನಮ್ಮ ಮನಿಯವ್ರ ಜೀವಾ ತಗೀತಾಳ ನೋಡ್ರಿ, ಅಕ್ಕಾರ." ಅವ್ವ ನಕ್ಕಳು, ನಾನೂ ನಕ್ಕೆ. ಆ ಮಾತು ಮುಂದೆ ನನ್ನನ್ನು ಎಷ್ಟು ಕಾಡಿತೆಂಬುದನ್ನು ಈಗ ಹೇಳುತ್ತೇನೆ.

ಈ ಅಂಜಿಕೆ ಅವರ ಹುಟ್ಟುಗುಣ ಅಲ್ಲವೆಂದು ಕಾಕು ಹೇಳುತ್ತಿದ್ದರು. ನಾನು ಹುಟ್ಟುವ ಮೊದಲು ಒಮ್ಮೆ ಅವಸರದಲ್ಲಿ, ತಿರುಗುವ ಯಂತ್ರ ಪೂರ್ತಿ ನಿಲ್ಲುವ ಮೊದಲೇ ಕೈ ಹಾಕಿದ್ದರಂತೆ. ಎಡಗೈಯ ತೋರುಬೆರಳು, ನಡುಬೆರಳು ಎರಡರ ತುದಿಯೂ ಹೋದವು. ಅಲ್ಲಿಯವರೆಗೆ ಅವರು ರವಿವಾರಕ್ಕೊಮ್ಮೆ ರೈಲು ಹತ್ತಿ ಧಾರವಾಡಕ್ಕೆ ಹೋಗಿ ಒಬ್ಬ ಮಾಸ್ತರರ ಹತ್ತಿರ ಸಿತಾರ ಕಲಿಯುತ್ತಿದ್ದರು. ಗಾಯ ಮಾಯ್ದ ಮೇಲೆ ಮಾಸ್ತರರು ಆ ಕೈಯನ್ನು ತಿರುವಿ ಮುರುವಿ ನೋಡಿ, ಈ ಕೈ ಮುಗಿಯಿತು, ಇನ್ನು ಕೂತು ಕೇಳುವುದನ್ನು ಕಲಿ ಅಂದರಂತೆ. ಅದು ಸುಳ್ಳೂ ಅಲ್ಲ. ಸಿತಾರದ ತಂತಿಯನ್ನು ಬೆರಳ ತುದಿಯಿಂದ ಒತ್ತಿ ಎಳೆಯಬೇಕು. ತುದಿಯೇ ಇಲ್ಲದ ಮೇಲೆ ಒತ್ತುವುದು ಯಾವುದರಿಂದ? ಕಾಕಾ ಸಿತಾರಕ್ಕೆ ಬಟ್ಟೆ ಸುತ್ತಿ ಗೋಡೆಗೆ ತೂಗು ಹಾಕಿದರು. ಅದರ ಮೇಲೆ ಗುಬ್ಬಿ ಕೂಡುತ್ತಿದ್ದದ್ದು ನನಗೆ ನೆನಪಿದೆ.

ದೇಶ ಸ್ವತಂತ್ರವಾದ ವರ್ಷ ರೈಲ್ವೆ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಡ್ರೈವರನೊಬ್ಬ ಊರು ಬಿಟ್ಟು ಹೊರಟ. ಆತನ ರೇಡಿಯೋ ಕೆಟ್ಟಾಗೆಲ್ಲ ಕಾಕಾ ರಿಪೇರಿ ಮಾಡಿಕೊಡುತ್ತಿದ್ದರು. ಹೋಗುವಾಗ ಆತ ತನ್ನ ಹವಾಯಿಯನ್ ಗಿಟಾರನ್ನು, ಕರೆಂಟಿನ ಮೇಲೆ ನಡೆಯುವಂಥದ್ದನ್ನು, ಕಾಕಾನ ಕೈಗಿಟ್ಟು ಹೋದ. ಓಣಿಯ ಜನವೆಲ್ಲ ಬಂದು ನೋಡಿದರು. ಒಂದು ಗೇಣು ಅಗಲದ ಗಟ್ಟಿ ಹಲಗೆ, ಅದರ ಮೇಲೆ ಆರು ಉಕ್ಕಿನ ತಂತಿ. ವೀಣೆಗೆ, ಸಿತಾರಕ್ಕೆ ಇರುವಂಥ ಟೊಳ್ಳು ಬುರುಡೆ ಇಲ್ಲ. ಹಲಗೆಯಿಂದ ಒಂದು ವಾಯರು ಹೊರಟು ರೇಡಿಯೋದಂಥ ಪೆಟ್ಟಿಗೆಗೆ ಹೋಗುತ್ತಿತ್ತು, ಪೆಟ್ಟಿಗೆಯಿಂದ ಇನ್ನೊಂದು ವಾಯರು ಗೋಡೆಯ ಪ್ಲಗ್ಗಿಗೆ. ಅವ್ವ ಅದನ್ನು ನೋಡಿ, ಹೋಳಿಗೆ ಮಣೆಗೆ ತಂತಿ ಬಿಗಿದಿದ್ದಾರೆ ಅಂದಳು. ಓಣಿಯಲ್ಲಿ ಅದಕ್ಕೆ ಹೋಳಿಗಿ ಮಣಿ ಎಂಬ ಹೆಸರೇ ನಿಂತಿತು.

ಆ ಮಣೆಯನ್ನು ಕಾಕಾ ಚಕ್ಕಂಬಕ್ಕಳ ಹಾಕಿ ಕೂತು ತೊಡೆಯ ಮೇಲೆ ಅಡ್ಡ ಮಲಗಿಸಿಕೊಳ್ಳುತ್ತಿದ್ದರು. ಅದನ್ನು ಬಾರಿಸಲು ಬೆರಳ ತುದಿ ಬೇಡ. ಒಂದು ಉಕ್ಕಿನ ತುಂಡನ್ನು ಎಡಗೈಯಲ್ಲಿ ಹಿಡಿದು ತಂತಿಯ ಮೇಲೆ ಜಾರಿಸಿದರೆ ಸಾಕು. ಹೆಬ್ಬೆರಳು, ಮೊಂಡಾದ ಎರಡು ಬೆರಳು, ಅಷ್ಟರಲ್ಲೇ ಆ ತುಂಡು ಭದ್ರವಾಗಿ ನಿಲ್ಲುತ್ತಿತ್ತು. ಡ್ರೈವರ ಕೊಟ್ಟದ್ದು ಹಗುರಾಯಿತೆಂದು ಅವರು ತಾವೇ ಒಂದು ಉಕ್ಕಿನ ಸರಳು ಕತ್ತರಿಸಿ, ಪಾಲೀಸು ಕಾಗದದಿಂದ ಎಷ್ಟೋ ದಿನ ತಿಕ್ಕಿ, ಮುಖ ಕಾಣುವಷ್ಟು ನುಣುಪು ಮಾಡಿದ್ದರು. ನನ್ನ ಕೈಗೂ ಕೊಟ್ಟಿದ್ದರು. ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು.

ಇದರಲ್ಲಿ ಅಂಥದೇನಿದೆ ಎಂದು ಅಪ್ಪ ಒಮ್ಮೆ ಕೇಳಿದ. ಕಾಕಾಗೆ ಉತ್ತರ ತಯಾರೇ ಇತ್ತು. "ಹಾರ್ಮೋನಿಯಂ ಪೇಟಿಯೊಳಗ ಒಂದೊಂದು ಸ್ವರ ಒಂದೊಂದು ಮನ್ಯಾಗ ಬಾಗಲಾ ಹಾಕ್ಕೊಂಡು ಕುಂತಿರತೈತ್ರಿ. ಇದರಾಗ ಬಾಗಲಾನ ಇಲ್ಲ. ಒಂದು ಮನಿಯಿಂದ ಇನ್ನೊಂದು ಮನಿಗೆ ಹೋಗೂ ದಾರಿ ಪೂರಾ ಕೇಳತೈತಿ. ನಮ್ಮ ಹಾಡಕಿ ಅಂದ್ರ ಆ ದಾರೀನ ಅಲ್ಲೇನ್ರಿ?"

ಇನ್ನೊಂದನ್ನೂ ಹೇಳಿದರು. ಸಿತಾರದ ಸ್ವರ ಲಗೂ ಸಾಯುತ್ತದೆ, ಮೀಟಿದ ಮೇಲೆ ಓಡಬೇಕು. ಇದರ ಸ್ವರವನ್ನು ಕರೆಂಟು ಹಿಡಿದು ನಿಲ್ಲಿಸುತ್ತದೆ. ಅವಸರವಿಲ್ಲ, ಎಲ್ಲಿಗೆ ಬೇಕೋ ಅಲ್ಲಿಗೆ ಕೈಹಿಡಿದು ಕರೆದುಕೊಂಡು ಹೋಗಬಹುದು. ಅವಸರದಿಂದ ಬೆರಳು ಕಳೆದುಕೊಂಡವರಿಗೆ ಅವಸರ ಬೇಡುವ ವಾದ್ಯ ಯಾಕೆ ಬೇಕು?

ಆದರೆ ಅದೇ ಕರೆಂಟಿಗೆ ಅವರು ನಾಯಿಗಿಂತ, ಚೇಳಿಗಿಂತ ಹೆಚ್ಚು ಅಂಜುತ್ತಿದ್ದರು. ಪೆಟ್ಟಿಗೆಯೊಳಗೆ ಏನಾದರೂ ಕೆಟ್ಟರೆ ಕರೆಂಟು ನೇರ ತಂತಿಗೇ ಬರುತ್ತದೆ, ತಂತಿಯ ಮೇಲೆ ಉಕ್ಕು, ಉಕ್ಕನ್ನು ಹಿಡಿದದ್ದು ಕೈ ಎಂದು ನನಗೆ ವಿವರಿಸಿದ್ದರು. ಅದಕ್ಕೇ ಪ್ರತಿ ಸಲ ಬಾರಿಸುವ ಮೊದಲು, ಕೂಸಿಗೆ ಜ್ವರ ನೋಡುವಂತೆ ಹಿಂಗೈಯನ್ನು ತಂತಿಗೆ ಸವರಿ ನೋಡುವರು. ನನಗೂ ಕಟ್ಟಪ್ಪಣೆ ಮಾಡಿದ್ದರು: ಕೈ ಹಸಿ ಇದ್ದರೆ ಈ ಕೋಣೆಗೆ ಬರಬೇಡ, ಪೆಟ್ಟಿಗೆಯನ್ನಂತೂ ಮುಟ್ಟಲೇಬೇಡ. ಇಷ್ಟು ಅಂಜಿದರೆ ಬಾರಿಸುವುದು ಹೇಗೆ ಎಂದು ನಾನು ಕೇಳಿದ್ದೆ. "ಅಂಜಿಕಿ ತಲ್ಯಾಗ ಇರಲಿ ಬಿಡು. ಕೈಯಾಗ ಇಳಿಯಾಕ ಬಿಡಬಾರದು" ಅಂದಿದ್ದರು.

ಮರುವರ್ಷ ಖಂಡೇನವಮಿ ಬಂತು. ಆಯುಧಗಳನ್ನು ಪೂಜಿಸುವ ಹಬ್ಬ. ಸೈಕಲ್ ಅಂಗಡಿಯ ನಟ್ಟು ತಿರುವುವ ಪಾನಾ, ಪಂಪು, ಸುತ್ತಿಗೆ ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಜೋಡಿಸುವುದು ನನ್ನ ಕೆಲಸ. ಅಪ್ಪ ಕುಂಕುಮ ಹಚ್ಚಿ ಚೆಂಡುಹೂ ಏರಿಸುತ್ತಿದ್ದ. ಆ ಸಂಜೆ ಅಂಗಡಿಯ ಮುಂದೆ ಚಪ್ಪರದ ಕೆಳಗೆ ಕಾಕಾ ಗಿಟಾರು ಬಾರಿಸುವುದೆಂದು ನಿಶ್ಚಯವಾಗಿತ್ತು. ಕೇಳಲು ಬರುವವರು ಯಾರೆಂದರೆ ಧಾರವಾಡದ ಅದೇ ಮಾಸ್ತರರು. ಕೈ ಮುಗಿಯಿತು ಅಂದವರು. ಅವರನ್ನು ಕರೆತರಲು ಕಾಕಾ ಇಸ್ತ್ರಿ ಅಂಗಿ ತೊಟ್ಟು ಸ್ಟೇಷನ್ನಿಗೆ ಹೋಗಿದ್ದರು. ಕಾಕು ನಮ್ಮ ಅಡುಗೆಮನೆಯಲ್ಲಿ ಅವ್ವನ ಜೊತೆಗಿದ್ದರು.

ಅಂಗಡಿಯ ಕೊನೆಯ ಪಾನಾ ಒರೆಸಿದಾಗ ನನಗೆ ಹೊಳೆಯಿತು: ಊರಿನ ಕತ್ತರಿ, ಕುಡುಗೋಲಿಗೆಲ್ಲ ಪೂಜೆಯಾಗುತ್ತಿದೆ, ಸಂಜೆ ಎಲ್ಲರ ಮುಂದೆ ಕೂಡುವ ಹೋಳಿಗಿ ಮಣೆಗೆ ಮಾತ್ರ ಇಲ್ಲ. ಇಂಥ ದಿನ ಪೂಜೆಯಿಲ್ಲದ ಆಯುಧ ಕೈಕೊಡುತ್ತದೆಂದು ಅಪ್ಪನೇ ಹೇಳಿದ್ದ. ನಾನು ತಂಬಿಗೆ ತುಂಬ ನೀರು, ಒಂದು ಚಿಂದಿ, ಐದು ಚೆಂಡುಹೂ ತೆಗೆದುಕೊಂಡು ಕಾಕಾನ ಕೋಣೆಗೆ ಹೋದೆ. ಅವರ ಮಾತು ನೆನಪಿತ್ತು. ಅದಕ್ಕೇ ಮೊದಲು ಪ್ಲಗ್ಗು ನೋಡಿದೆ. ಗೋಡೆಯಿಂದ ಕಿತ್ತಿಟ್ಟಿದ್ದರು. ಕರೆಂಟೇ ಇಲ್ಲದಾಗ ನೀರಿಗೆ ಅಂಜುವುದೇಕೆ ಅಂದುಕೊಂಡೆ. ನಾನು ಬಹಳ ಶಾಣ್ಯಾ ಹುಡುಗಿ.

ಗಿಟಾರನ್ನು ಹಸಿ ಚಿಂದಿಯಿಂದ ಒರೆಸಿದೆ. ಪೆಟ್ಟಿಗೆಯ ನೆತ್ತಿಯಲ್ಲಿ ಬಿಸಿಗಾಳಿ ಹೊರಬರಲು ಸಂದುಗಳಿದ್ದವು, ಅವುಗಳಲ್ಲಿ ಧೂಳು ಕೂತಿತ್ತು. ಪಂಪು ತೊಳೆದ ಕೈ, ಬಿಡುತ್ತದೆಯೇ? ನೀರು ಹೊಯ್ದೆ. ಅರ್ಧ ತಂಬಿಗೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೊರಗೆಲ್ಲ ಲಂಗದ ಅಂಚಿನಿಂದ ಒಣಗುವಂತೆ ಒರೆಸಿ, ಯಾರಿಗೂ ಕಾಣದ ಮೂಲೆಯಲ್ಲಿ ಸಾಸಿವೆಯಷ್ಟು ಕುಂಕುಮ ಹಚ್ಚಿ, ಹೂ ಏರಿಸಿ, ಕೈಮುಗಿದು, ಗುರುತು ಸಿಗಬಾರದೆಂದು ಹೂಗಳನ್ನು ತೆಗೆದುಕೊಂಡು ಹೊರಬಿದ್ದೆ. ಕಾಕಾನ ಮೇಲೆ ದೊಡ್ಡ ಉಪಕಾರ ಮಾಡಿದ ಹೆಮ್ಮೆಯಲ್ಲಿ ಎರಡು ಕರ್ಚಿಕಾಯಿ ಕದ್ದು ತಿಂದೆ.

ಹೊತ್ತು ಇಳಿಯುವಾಗ ಇಬ್ಬರು ಆ ಪೆಟ್ಟಿಗೆಯನ್ನು ಎತ್ತಿಕೊಂಡು ಚಪ್ಪರಕ್ಕೆ ತಂದರು. ಹೊಸ್ತಿಲು ದಾಟುವಾಗ ಅದು ತುಸು ವಾಲಿತು. ಅಡಿಯಿಂದ ನೀರು ತೊಟ್ಟಿಕ್ಕಿತು, ಒಂದು, ಎರಡು, ಮೂರು ಹನಿ. ನೆಲಕ್ಕೆ ಆಗತಾನೆ ನೀರು ಚಿಮುಕಿಸಿದ್ದರಿಂದ ಯಾರೂ ಗಮನಿಸಲಿಲ್ಲ. ನಾನೊಬ್ಬಳೇ ನೋಡಿದೆ.

ನೀರು ಒಳಗೇ ಇದೆ. ಈಗ ಅದಕ್ಕೆ ಕರೆಂಟು ಕೊಡುತ್ತಾರೆ. ಅವ್ವನ ಹತ್ತಿರ ಹೋದೆ, ಅವಳು ಒಲೆಯ ಮುಂದೆ ಬೆವೆತು ಎಲ್ಲರ ಮೇಲೂ ಹರಿಹಾಯುತ್ತಿದ್ದಳು. ಅಪ್ಪನ ಕೈ ನೆನೆದರೇ ನನಗೆ ಮಾತು ಹೊರಡುತ್ತಿರಲಿಲ್ಲ. ಕಾಕುಗೆ ಹೇಳೋಣವೆಂದರೆ ಅವರ ಮುಖ ಕಂಡೊಡನೆ ಆ ಮಾತು ಕಿವಿಯಲ್ಲಿ ಬಡಿಯಿತು: ನಿಮ್ಮ ಹುಡುಗಿ ನಮ್ಮ ಮನೆಯವರ ಜೀವ ತೆಗೆಯುತ್ತಾಳೆ. ಕಾಕಾ ಮಾಸ್ತರರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಹತ್ತಿರ ಹೋಗಿ ಅಂಗಿ ಜಗ್ಗಿದೆ. ಅವರು ಬಗ್ಗಿ ನೋಡಿದರು. ಹೇಳಲಾಗದೆ ಹೊಟ್ಟೆ ಹಿಡಿದು ನಿಂತೆ. ಹುಡುಗಿಗೆ ಕರ್ಚಿಕಾಯಿ ಹೆಚ್ಚಾಗಿರಬೇಕೆಂದು ಹೇಳಿ ನನ್ನ ತಲೆ ಸವರಿ ಕಳಿಸಿದರು.

ನಾನು ಅಂಗಡಿಯ ಗೋಡೆಗೆ ಒರಗಿ ನಿಂತೆ. ಒಂದೇ ಒಂದು ಧೈರ್ಯವಿತ್ತು. ಕಾಕಾ ಮೊದಲು ಹಿಂಗೈಯಿಂದ ಮುಟ್ಟುತ್ತಾರೆ. ಅವರಿಗೆ ಗೊತ್ತಾಗುತ್ತದೆ, ಕೈ ಹಿಂದಕ್ಕೆ ಬರುತ್ತದೆ, ಯಾರೂ ಸಾಯುವುದಿಲ್ಲ. ಅದನ್ನೇ ಮನಸ್ಸಿನಲ್ಲಿ ಜಪ ಮಾಡಿದಂತೆ ಹೇಳಿಕೊಂಡೆ.

ಓಣಿಯ ಜನ ಚಾಪೆಯ ಮೇಲೆ ಕೂತರು. ಮಾಸ್ತರರು ಬೆಂಚಿನ ಮೇಲೆ. ಕಾಕಾ ಮಾಸ್ತರರ ಕಾಲು ಮುಟ್ಟಿ ಬಂದು, ಹಸಿ ನೆಲದ ಮೇಲೆ ಹಾಸಿದ ಜಮಖಾನೆಯಲ್ಲಿ ಕೂತು, ಮಣೆಯನ್ನು ತೊಡೆಗೆ ಏರಿಸಿಕೊಂಡರು. ಅಪ್ಪ ಅಂಗಡಿಯ ಗೋಡೆಗೆ ಪ್ಲಗ್ಗು ಚುಚ್ಚಿದ. ಪೆಟ್ಟಿಗೆಯ ಸಂದಿನಲ್ಲಿ ಗಾಜಿನ ವಾಲ್ವುಗಳು ಕೆಂಡದಂತೆ ಮೆಲ್ಲಗೆ ಕೆಂಪಾದವು. ಗುಂಯ್ ಎಂಬ ಸದ್ದು ಶುರುವಾಯಿತು. ಕಾಕಾ ಬಲಗೈ ತಿರುವಿ ಹಿಂಗೈಯನ್ನು ತಂತಿಯ ಕಡೆಗೆ ಒಯ್ದರು.

"ಇದೇನಪಾ?" ಅಂದರು ಮಾಸ್ತರರು. "ವಾದ್ಯಕ್ಕ ನಮಸ್ಕಾರ ಮಾಡೂದ ಬಿಟ್ಟು ನಾಡಿ ನೋಡತೀಯಲ್ಲ. ಡಾಕ್ಟರಾಗೀಯೇನ?"

ಜನ ನಕ್ಕರು. ಕಾಕಾನ ಮುಖ ಕೆಂಪಾಯಿತು. ಅರ್ಧ ದಾರಿಗೆ ಹೋದ ಕೈ ಹಿಂದಕ್ಕೆ ಬಂತು. ಗುರುಗಳ ಮುಂದೆ ಬಾರಿಸುವವರು ಎರಡೂ ಅಂಗೈಯಿಂದ ವಾದ್ಯವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಎಷ್ಟೋ ವರ್ಷ ಹಾಗೆ ಮಾಡಿದವರು, ಮರೆತದ್ದಕ್ಕೆ ನಾಚಿದರು. ಉಕ್ಕಿನ ತುಂಡನ್ನು ಕೆಳಗಿಟ್ಟು, ಎರಡೂ ಅಂಗೈ ಬಿಚ್ಚಿ ತಂತಿಗೆ ತಾಗದಂತೆ ಮೇಲೆ ಹಿಡಿದು ಕಣ್ಣು ಮುಚ್ಚಿದರು. ಗುರುಸ್ಮರಣೆ ಮುಗಿದ ಮೇಲೆ ಕೈ ಇಳಿಯುತ್ತದೆ. ಅಷ್ಟು ಹೊತ್ತು ನನಗೆ ಸಿಕ್ಕಿತು.

ಓಡಿದ್ದು ನೆನಪಿಲ್ಲ. ಪ್ಲಗ್ಗಿನ ಮುಂದೆ ನಿಂತು ಬೆವೆತ ಕೈಯನ್ನು ಲಂಗಕ್ಕೆ ಒರೆಸಿಕೊಂಡದ್ದು ನೆನಪಿದೆ, ಒಂದು ಸಲ, ಇನ್ನೊಂದು ಸಲ. ಆಮೇಲೆ ಕಿತ್ತೆ.

ಗುಂಯ್ ನಿಂತಿತು. ಆ ಮೌನದಲ್ಲಿ ಅಪ್ಪನ ಕೈ ನನ್ನ ಕಪಾಳಕ್ಕೆ ಬಿದ್ದದ್ದು ಓಣಿಗೆಲ್ಲ ಕೇಳಿರಬೇಕು. ಇವಳ ಚೇಷ್ಟೆಗೆ ಹೊತ್ತು ಗೊತ್ತು ಇಲ್ಲವೇ ಎಂದು ಯಾರೋ ಗೊಣಗಿದರು. ನಾನು ಪ್ಲಗ್ಗನ್ನು ಎದೆಗೆ ಅವುಚಿಕೊಂಡು, "ನೀರು" ಅಂದೆ. ಅಪ್ಪ ಏನೆಂದು ಕೇಳಿದ. "ಒಳಗ ನೀರ ಹಾಕೇನಿ. ಪೂಜಾ ಮಾಡೀನಿ."

ಕಾಕಾ ಮಣೆಯನ್ನು ತೊಡೆಯಿಂದ ಇಳಿಸಿ ಎಲ್ಲರನ್ನೂ ದೂರ ಸರಿಸಿದರು. ಮನೆಯಿಂದ ತಮ್ಮ ಚೀಲ ತಂದು, ಎರಡು ವಾಯರು ಕಟ್ಟಿದ ಒಂದು ಬಲ್ಬು ಹೊರತೆಗೆದರು. ಕರೆಂಟು ಎಲ್ಲಿದೆ ಎಂದು ನೋಡಲು ಇಟ್ಟುಕೊಂಡದ್ದು. ಒಂದು ವಾಯರನ್ನು ಗಿಟಾರಿನ ತಂತಿಗೆ ಸುತ್ತಿದರು, ಇನ್ನೊಂದನ್ನು ಹಸಿ ನೆಲದಲ್ಲಿ ಹೂತಿದ್ದ ಚಪ್ಪರದ ಕಬ್ಬಿಣದ ಗೂಟಕ್ಕೆ. ಆಮೇಲೆ ಒಂದು ಒಣ ಕಟ್ಟಿಗೆಯ ಹಲಗೆಯ ಮೇಲೆ ನಿಂತು, ನನ್ನ ಕೈಯಿಂದ ಪ್ಲಗ್ಗು ತೆಗೆದುಕೊಂಡು ಗೋಡೆಗೆ ಚುಚ್ಚಿದರು. ಅವರ ಕೈ ನಡುಗಲಿಲ್ಲ, ನಾನು ಅದನ್ನೇ ನೋಡುತ್ತಿದ್ದೆ.

ಬಲ್ಬು ಹತ್ತಿತು. ಪೂರ್ತಿ ಬೆಳಗಲಿಲ್ಲ, ಕಂದೀಲಿನ ಹಾಗೆ ಕೆಂಪಗೆ ಹತ್ತಿತು.

ಮಾಸ್ತರರು ಮೆಲ್ಲಗೆ ಎರಡೂ ಕಾಲುಗಳನ್ನು ಬೆಂಚಿನ ಮೇಲೆ ಎಳೆದುಕೊಂಡರು. ಕಾಕಾ ಪ್ಲಗ್ಗು ಕಿತ್ತು ಅಲ್ಲೇ ಕೂತುಬಿಟ್ಟರು. ಆಗ ನಡುಗಲು ಶುರು ಮಾಡಿದರು. ಕಾಕು ಒಳಗಿನಿಂದ ಬಂದು ಅವರ ಎರಡೂ ಅಂಗೈಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಕಡೆ ನೋಡಲಿಲ್ಲ. ಆ ಸಂಜೆ ಮಾಸ್ತರರೇ ಹಾಡಿ ಹಬ್ಬ ಮುಗಿಸಿದರಂತೆ. ನನಗೆ ಚಳಿಜ್ವರ ಬಂದು ಹೊದ್ದು ಮಲಗಿದ್ದೆ.

ಮರುದಿನ ಮುಂಜಾನೆ ಕಾಕಾ ಬಂದರು. ನಾನು ಚಾದರ ಮುಖಕ್ಕೆ ಎಳೆದುಕೊಂಡೆ. ಅವರು ಅದನ್ನು ಸರಿಸಿ ನನ್ನ ಹಣೆಗೆ ಹಿಂಗೈ ಸವರಿ, ಫಕ್ಕನೆ ಹಿಂದಕ್ಕೆ ತೆಗೆದುಕೊಂಡರು.

"ಇದರಾಗೂ ಕರೆಂಟ್ ಲೀಕ್ ಐತಿ."

ನಗು ಬರಲಿಲ್ಲ ನನಗೆ, ಅಳು ಬಂತು. ಅವರು ಮುಗಿಯುವ ತನಕ ಕಾದರು. ಆಮೇಲೆ, ಖರೇ ಹೇಳು, ನಿನ್ನಿ ಯಾವುದಕ್ಕ ಅಂಜಿದಿ, ನಾ ಸಾಯತೇನಂತೋ ಅಪ್ಪ ಬಡೀತಾನಂತೋ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಅಪ್ಪ ಬಡಿಯುತ್ತಾನೆಂದು ಅಂದೆ.

"ಮತ್ತ ಪ್ಲಗ್ ಕೀಳೂಮುಂದ?"

"ಆವಾಗ ಯಾವುದೂ ನೆನಪಾಗಲಿಲ್ಲ, ಕಾಕಾ. ಕೈ ಒಣಗಿಸ್ಕೋಬೇಕು ಅನ್ನೂದೊಂದ ನೆನಪಿತ್ತು."

ಅವರು ತಲೆಯಾಡಿಸಿ ಜೇಬಿನಿಂದ ಬಾಡಿದ ಒಂದು ಚೆಂಡುಹೂವಿನ ಎಸಳು ತೆಗೆದು ನನ್ನ ಅಂಗೈಯಲ್ಲಿಟ್ಟರು. ಪೆಟ್ಟಿಗೆ ಬಿಚ್ಚಿದಾಗ ಒಳಗೆ ಸಿಕ್ಕಿತ್ತಂತೆ. ಕುಂಕುಮ ಮಾತ್ರ ಹಾಗೇ ಬಿಟ್ಟಿದ್ದೇನೆ ಅಂದರು.

ಪೆಟ್ಟಿಗೆಯನ್ನು ಎಂಟು ದಿನ ಬಿಸಿಲಿಗೆ ಇಟ್ಟು, ಒಳಗಿನ ಸುಟ್ಟ ವಾಯರು ಬದಲಿಸಿದರು. ಮಾಸ್ತರರು ಯಾರಿಗೂ ಹೇಳದೆ ಇನ್ನೊಮ್ಮೆ ಬಂದರು, ಕಾಕಾನ ಮನೆಗೇ. ಈ ಸಲ ಕಾಕಾ ಹಿಂಗೈ ಸವರುವಾಗ ಅವರು ನಗಲಿಲ್ಲ, ಕುತ್ತಿಗೆ ಚಾಚಿ ನೋಡಿದರು. ಕಾಕಾ ಬಾರಿಸಿದರು. ಮೇಲಿನ ಷಡ್ಜದಿಂದ ಒಂದು ಸ್ವರ ಇಳಿಯತೊಡಗಿತು. ಎಲ್ಲಿಯೂ ಮೆಟ್ಟಿಲಿಲ್ಲ, ಎಲ್ಲಿಯೂ ತುಂಡಾಗಲಿಲ್ಲ. ಗಂಟಲು ಕಟ್ಟಿದ ಹೆಂಗಸು ಒಂದೇ ಉಸಿರಿನಲ್ಲಿ ಏನನ್ನೋ ಹೇಳಿ ಮುಗಿಸಿದ ಹಾಗೆ ಗಾಂಧಾರಕ್ಕೆ ಬಂದು ನಿಂತಿತು. ನಿಂತೇ ಇತ್ತು. ಮಾಸ್ತರರು ಕಣ್ಣು ಮುಚ್ಚಿಕೊಂಡು, ಇನ್ನೊಮ್ಮೆ ಇಳಿ ಅಂದರು. ಇಳಿದಾಗ, ಇನ್ನೊಮ್ಮೆ ಅಂದರು. ಏಳುವಾಗ ಕಾಕಾನ ಎಡಗೈ ಹಿಡಿದು ಆ ಮೊಂಡು ಬೆರಳುಗಳನ್ನು ನೋಡಿದರು. ಹಿಂದೊಮ್ಮೆ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು.

ಅಂದಿನಿಂದ ಪ್ಲಗ್ಗು ಹಾಕುವುದೂ ಕೀಳುವುದೂ ನನ್ನ ಕೆಲಸವಾಯಿತು. ನಾನು ಗೋಡೆಯ ಹತ್ತಿರ ಒಣ ಕೈಯಿಂದ ನಿಲ್ಲದ ಹೊರತು ಕಾಕಾ ತಂತಿ ಮುಟ್ಟುತ್ತಿರಲಿಲ್ಲ. ಮುಟ್ಟುವ ಮೊದಲು ನನ್ನ ಕಡೆ ನೋಡುವರು. ನಾನು ತಲೆಯಾಡಿಸಬೇಕು. ಟ್ಯೂಬಿನ ಹಲ್ಲಿ ಕತ್ತರಿಸುವುದನ್ನು ಬಿಟ್ಟೆನೇ ಅಂದರೆ, ಅದು ಬೇರೆ ಮಾತು.

ಹದಿನೇಳಕ್ಕೆ ಮದುವೆಯಾಗಿ ಬೆಳಗಾವಿಗೆ ಹೊರಟಾಗ ಕಾಕಾ, ಇನ್ನು ಗೋಡೆ ಹತ್ತಿರ ಯಾರು ನಿಲ್ಲುತ್ತಾರೆಂದು ಅಪ್ಪನನ್ನು ಕೇಳಿದರಂತೆ. ಅಪ್ಪ ನಾನು ನಿಲ್ಲುತ್ತೇನೆ ಅಂದದ್ದಕ್ಕೆ, ನಿಮ್ಮ ಕೈಗೆ ಯಾವಾಗಲೂ ಸೈಕಲ್ಲಿನ ಎಣ್ಣೆ ಹತ್ತಿರುತ್ತದೆ ಅಂದರಂತೆ.

ಅವರು ಹೋಗಿ ಬಹಳ ವರ್ಷವಾಯಿತು. ಮಲಗಿದಲ್ಲೇ ಹೋದರು, ಅವರು ಅಂಜಿದ್ದ ಯಾವುದೂ ಅವರನ್ನು ಮುಟ್ಟಲಿಲ್ಲ. ಅದಕ್ಕೂ ಮೊದಲು, ಮೊದಲ ಬಾಣಂತನಕ್ಕೆ ನಾನು ತವರಿಗೆ ಬಂದಾಗ, ಕಾಕಾ ಈಗಲೂ ಬಾರಿಸುತ್ತಾರೆಯೇ ಎಂದು ಗೋಡೆಯ ಕಿಂಡಿಯಲ್ಲಿ ಕಾಕುವನ್ನು ಕೇಳಿದ್ದೆ. ಜೀವ ತೆಗೆಯುತ್ತಾಳೆಂದು ಒಮ್ಮೆ ಹೇಳಿದ ಕಾಕು, ಕಿಂಡಿಯಲ್ಲಿ ಕೈ ತೂರಿಸಿ ನನ್ನ ಕೆನ್ನೆ ಹಿಂಡಿದರು.

"ಬಾರಸತಾರವಾ. ಆದ್ರ ಈಗ ತಂತಿ ಎರಡ ಸಲ ಮುಟ್ಟಿ ನೋಡತಾರ. ಒಂದು ಅವರ ಪಾಲಿಂದು, ಇನ್ನೊಂದು ನಿಂದು."

ನಾನೂ ಈ ಫೋನನ್ನು ಎರಡು ಸಲ ಮುಟ್ಟುತ್ತೇನೆ. ಮೊಮ್ಮಗಳು ಅದನ್ನಿನ್ನೂ ಎಣಿಸಿಲ್ಲ.